ಬೂಟಿನ ಹಿಮ್ಮಡಿ

ಮಾರ್ಚ್ ೩, ಸೋಮವಾರ. ಬೆಳಿಗ್ಗೆ ೭

ಪ್ಲಾಸ್ಟರ್ ಪಟ್ಟಿ ಇಪ್ಪತ್ತು. ಟೇಪು, ಅರ, ಬಣ್ಣದ ಪೆನ್ಸಿಲ್, ಕತ್ತರಿ. ಬಕೆಟ್ ಹೊಸದು. ಹಳೆಯದನ್ನು ಡ್ರೈವರ್ ಜೀಪು ತೊಳೆಯಲು ಇಟ್ಟುಕೊಂಡಿದ್ದಾನೆ. ಕೇಳಿದರೆ "ಯಾವ ಬಕೆಟ್ ಮೇಡಂ?" ಅಂತಾನೆ.

ಈ ಸಲ ಬೆಟ್ಟದ ಮೇಲಿನ ಊರು. ಕಚೇರಿ ಕಾಗದದಲ್ಲಿ 'ಮೂಲನಿವಾಸಿ ಗ್ರಾಮ, ರಸ್ತೆ ಇಲ್ಲ' ಎಂದಿದೆ. ಲಿಸ್ಟಿನಲ್ಲಿ ಮೂವರು. ಮೂವರಿಗೂ ಕೃತಕ ಕಾಲು ಮಾಡಿಕೊಟ್ಟವಳು ನಾನೇ. ಮೂವರೂ ಹಾಕಿಕೊಳ್ಳುತ್ತಿಲ್ಲ ಎಂದು ಅಲ್ಲಿಗೆ ಹೋಗಿ ಬಂದ ನರ್ಸ್ ಬರೆದಿದ್ದಾಳೆ. ದೊಡ್ಡ ಡಾಕ್ಟರು ಶನಿವಾರ ಕರೆದು ಹೇಳಿದರು: "ದೋಷ ಕಾಲಲ್ಲಿದೆಯೋ ಜನರಲ್ಲಿದೆಯೋ, ನೋಡ್ಕೊಂಡು ಬನ್ನಿ."

ಕಾಲಲ್ಲಿ ದೋಷ! ಮೂವತ್ತೊಂದು ವರ್ಷ ಆಯಿತು ಈ ವರ್ಕ್‌ಶಾಪಿಗೆ ಬಂದು. ಮಂಡಿ ಕೆಳಗಿನ ಕಾಲು ಎಂದರೆ ಈ ಕಡೆಯಲ್ಲೆಲ್ಲ ನನ್ನ ಹೆಸರು ಹೇಳುತ್ತಾರೆ. ಜಂಭವಲ್ಲ, ಇದ್ದದ್ದನ್ನು ಬರೆಯುತ್ತಿದ್ದೇನೆ. ಇದನ್ನು ಓದುವವರು ಯಾರೂ ಇಲ್ಲ, ಸ್ವಲ್ಪ ಜಂಭವಿದ್ದರೂ ಯಾರ ಗಂಟು ಹೋಗಬೇಕು.

ಹಾರ್ನ್ ಹೊಡೆಯುತ್ತಿದ್ದಾನೆ. ಬಕೆಟ್ ಕದಿಯುವಾಗ ಇಲ್ಲದ ಅವಸರ ಈಗ…

ಮಾರ್ಚ್ ೪, ಮಂಗಳವಾರ. ಮಧ್ಯಾಹ್ನ

ಜೀಪು ಅರ್ಧ ದಾರಿಗೆ ನಿಂತಿತು. ಅಲ್ಲಿಂದ ಎರಡೂವರೆ ಗಂಟೆ ಏರು. ಐವತ್ತಮೂರರ ವಯಸ್ಸಿನಲ್ಲಿ ಇಷ್ಟು ಹತ್ತಿದೆ — ಡ್ರೈವರ್ ನಾಲ್ಕು ಕಡೆ ಕೂತ, ನಾನು ಎರಡೇ ಕಡೆ.

ಹದಿನೆಂಟು ಮನೆ. ಒಂದು ಮನೆಯ ಅಂಗಳದಲ್ಲಿ ನಿಂತು ಇನ್ನೊಂದು ಮನೆಯ ಸೂರು ಮುಟ್ಟಬಹುದು, ಅಷ್ಟು ಇಳಿಜಾರು. ಬಕೆಟ್ ಇಡಲು ಅಂಗೈಯಗಲ ಸಮನೆಲವಿಲ್ಲ. ಎರಡು ಸಲ ಉರುಳಿ ಹೋಯಿತು. ತಮ್ಮತಮ್ಮಲ್ಲಿ ತಮ್ಮ ಭಾಷೆ, ನನ್ನ ಹತ್ತಿರ ನಮ್ಮದು ಮಾತಾಡುತ್ತಾರೆ. ನನ್ನ ಬಗ್ಗೆ ಮಾತಾಡುವಾಗ ಮಾತ್ರ ತಮ್ಮದು. ನಗುವುದನ್ನು ನೋಡಿ ತಿಳಿಯಿತು.

ಮೂವರನ್ನೂ ನೋಡಿದೆ. ಒಬ್ಬ ಬುಟ್ಟಿ ಹೆಣೆಯುವವನು, ಒಬ್ಬ ಮೇಕೆಯವನು, ಒಬ್ಬ ಮುದುಕ. ಮೂವರ ಕಾಲೂ ಬಟ್ಟೆ ಸುತ್ತಿಕೊಂಡು ತೊಲೆಗೆ ನೇತುಬಿದ್ದಿವೆ. ಪಕ್ಕದಲ್ಲೇ ನಾವು ಕೊಟ್ಟ ಕ್ಯಾನ್ವಾಸ್ ಬೂಟು, ಅಂಗಡಿಯಿಂದ ತಂದ ಹಾಗೇ ಇದೆ. ಇವರು ಮಾತ್ರ ಕೋಲೂರಿಕೊಂಡು ಓಡಾಡುತ್ತಾರೆ.

"ಕಾಲು ಹೆಂಗಿದೆ?"

"ಚೆನ್ನಾಗಿದೆ ಅಮ್ಮ. ತುಂಬಾ ಚೆನ್ನಾಗಿದೆ."

"ಚೆನ್ನಾಗಿದ್ರೆ ಯಾಕೆ ಹಾಕ್ಕೊಳ್ಳಲ್ಲ?"

"ಹಾಳಾಗುತ್ತಲ್ಲ ಅಂತ…"

ಮೂವರದೂ ಇದೇ ಉತ್ತರ, ಮೊದಲೇ ಕೂತು ಮಾತಾಡಿಕೊಂಡ ಹಾಗೆ. ಪಿತ್ತ ನೆತ್ತಿಗೇರಿತು. ಚೆನ್ನಾಗಿ ಬೈದೆ. ನಾಲ್ಕು ದಿನ ಕೆಲಸ ಮಾಡಿದ್ದೇನೆ ಒಂದೊಂದಕ್ಕೆ, ಅದೇನು ಒಣಗಲು ಹಾಕಿದ ಸೋರೆಕಾಯಿಯೇ ಎಂದೆ. ತಲೆ ತಗ್ಗಿಸಿ ಕೇಳಿದರು. ಮುದುಕ ಮುಸಿಮುಸಿ ನಗುತ್ತಿದ್ದ. ಫಾರಂನಲ್ಲಿ ಬರೆದೆ: 'ದೋಷ ಜನರಲ್ಲಿ. ಅಭ್ಯಾಸ ಮಾಡುವ ಮನಸ್ಸಿಲ್ಲ.' ಕೆಳಗೆ ಗೆರೆಯನ್ನೂ ಎಳೆದೆ.

ಕೈಯೆಲ್ಲ ಧೂಳು. ಹಳ್ಳ ಕೆಳಗಿದೆಯಂತೆ.

ಅದೇ ದಿನ, ಸಂಜೆ

ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಹಳ್ಳಕ್ಕೆ ಇಳಿದೆ. ಬಂಡೆಗೆ ಒರಗಿಕೊಂಡು ಒಂದು ಕಾಲು ನಿಂತಿತ್ತು. ಮನುಷ್ಯರಿಲ್ಲ, ಕಾಲು ಮಾತ್ರ. ದೂರದಿಂದಲೇ ಗೊತ್ತಾಯಿತು ನನ್ನದೆಂದು. ಕತ್ತರಿಸಿ ಉಳಿದ ಕಾಲಿನ ಮೊಂಡು ಕೂರುವ ಬಟ್ಟಲಿನ ಹಿಂದಿನ ಅಂಚನ್ನು ನಾನು ತಗ್ಗಿಸಿ ಸ್ವಲ್ಪ ಹೊರಕ್ಕೆ ಬಾಗಿಸುತ್ತೇನೆ, ಮಂಡಿ ಮಡಚಿದಾಗ ಒತ್ತದಿರಲಿ ಎಂದು. ನಮ್ಮ ವರ್ಕ್‌ಶಾಪಿನಲ್ಲಿ ಹಾಗೆ ಮಾಡುವವರು ಇನ್ನೊಬ್ಬರಿಲ್ಲ. ಎತ್ತಿ ತಿರುಗಿಸಿದೆ. ಜೀವ ಹೋದಂತಾಯಿತು. ಹಿಮ್ಮಡಿಗೆ ಕಪ್ಪು ರಬ್ಬರಿನ ತುಂಡು, ಏಳು ಮೊಳೆ. ನನ್ನ ಕಾಲಿಗೆ ಮೊಳೆ!

"ಏಯ್! ನನ್ನ ಕಾಲು ಕೆಳಗಿಡು!"

ಹಳ್ಳದ ನಡುವೆ ಕುತ್ತಿಗೆವರೆಗೆ ನೀರಿನಲ್ಲಿ ಒಬ್ಬ ಹೆಂಗಸು. ನನ್ನದೇ ವಯಸ್ಸು, ಸ್ವಲ್ಪ ಕಮ್ಮಿ ಇರಬಹುದು.

"ಇದು ನನ್ನ ಕಾಲು!" ಎಂದೆ ನಾನೂ.

"ನಿನಗೆ ಎರಡಿವೆಯಲ್ಲ!"

"ಮಾಡಿದ್ದು ನಾನು ಅಂತ ಹೇಳಿದ್ದು!"

ನೀರು ಒರೆಸಿಕೊಂಡು ಕಣ್ಣು ಕಿರಿದು ಮಾಡಿ ನೋಡಿದಳು. "ಓ… ನೀವಾ. ಆಗ ಕನ್ನಡಕ ಇರಲಿಲ್ಲ ನಿಮಗೆ."

ಹನ್ನೊಂದು ವರ್ಷದ ಹಿಂದೆ ಬಂದಿದ್ದಳಂತೆ. ನನಗೆ ನೆನಪಿಲ್ಲ. ದಿನಾ ಹಾಕಿಕೊಂಡು ಓಡಾಡುತ್ತಾಳೆ, ಅದಕ್ಕೇ ನರ್ಸ್ ಇವಳ ಹೆಸರು ಬರೆದಿಲ್ಲ. ಲಿಸ್ಟಿಗೆ ಬೇಕಾದದ್ದು ಹಾಕದವರು. ನನ್ನ ಕೈ ಕೊಳೆಯಾಗದಿದ್ದರೆ ಇವಳನ್ನು ನೋಡದೆಯೇ ಇಳಿದು ಹೋಗುತ್ತಿದ್ದೆ.

"ಯಾರು ಮೊಳೆ ಹೊಡೆದಿದ್ದು ಇದಕ್ಕೆ?"

"ನಾನೇ."

"ಯಾಕೆ?"

"ನಿಮ್ಮ ಬೂಟು ಬಂಡೆ ಮೇಲೆ ಜಾರುತ್ತೆ, ಕೆಸರಲ್ಲಿ ಕಚ್ಚಿಕೊಳ್ಳುತ್ತೆ. ಇಲ್ಲಿ ಯಾರು ಹಾಕ್ತಾರೆ ಅದನ್ನ? ಬಿಚ್ಚಿದ್ರೆ ಈ ಕಾಲು ಹಿಂದಕ್ಕೆ ವಾಲುತ್ತೆ. ನಾನು ಮೇಲೆ ಹತ್ತೋಣ ಅಂದ್ರೆ ಅದು ನಿಮ್ಮೂರಿಗೆ ವಾಪಸ್ ಹೋಗೋಣ ಅನ್ನುತ್ತೆ. ಒಂದು ತಿಂಗಳು ಜಗಳ ಆಡಿದೆ ಅದರ ಜೊತೆ. ಆಮೇಲೆ ತಿಳೀತು, ಅದಕ್ಕೆ ಬೇಕಾಗಿರೋದು ಬೂಟಲ್ಲ, ಬೂಟಿನ ಹಿಮ್ಮಡಿ ಅಂತ. ಕಿತ್ತು ಹೊಡೆದೆ. ಸುಮ್ಮನಾಯ್ತು."

ನಮ್ಮಲ್ಲಿ ಕಾಲಿನ ಜೊತೆ ಬೂಟು ಕೊಡುತ್ತೇವೆ. ಬೂಟು ಹಾಕಿಸಿ ನಿಲ್ಲಿಸಿ, ಬೂಟಿನ ಹಿಮ್ಮಡಿಯ ಎತ್ತರಕ್ಕೆ ಕಾಲನ್ನು ನೆಟ್ಟಗೆ ಕೂರಿಸುತ್ತೇವೆ. ಬೂಟು ತೆಗೆದರೆ ಹಿಮ್ಮಡಿ ಒಂದು ಬೆರಳು ಕೆಳಗಿಳಿಯುತ್ತದೆ, ಕಾಲು ಹಿಂದಕ್ಕೆ ಒರಗುತ್ತದೆ, ಮಂಡಿಯನ್ನು ಹಿಂದಕ್ಕೆ ದೂಡುತ್ತದೆ. ಹೊಸಬರಿಗೆ ಇದನ್ನು ಪಾಠ ಮಾಡುವವಳು ನಾನು. ಬರಿಗಾಲಲ್ಲಿ ನಡೆಯುವವರೇ ಎಂದು ಬಂದವರಲ್ಲಿ ಒಬ್ಬರನ್ನೂ ಕೇಳಲಿಲ್ಲ. ಕೊಟ್ಟೆವು, ಮರ್ಯಾದೆಗೆ ಹಾಕಿಕೊಂಡರು, ನಮ್ಮ ನುಣ್ಣನೆಯ ನೆಲದ ಮೇಲೆ ನಾಲ್ಕು ಸಲ ಓಡಾಡಿ ತೋರಿಸಿ ಮನೆಗೆ ಹೋದರು.

"ಆ ಮೂವರಿಗೆ ಹೇಳಬಾರದಿತ್ತಾ ಇದನ್ನ?"

"ಹೇಳದೇ ಇರ್ತೀನಾ? ಸರ್ಕಾರಿ ಕಾಲಿಗೆ ಮೊಳೆ ಹೊಡೆದ್ರೆ ಕೇಸಾಗುತ್ತೆ ಅಂತ ಹೆದರಿ ಕೂತಿದ್ದಾರೆ ಗಂಡಸರು."

ನಕ್ಕುಬಿಟ್ಟೆ. ಅವಳು ಬಂಡೆ ಮೇಲೆ ಬಂದು ಕೂತು ಮೊಂಡಿಗೆ ಬಟ್ಟೆ ಸುತ್ತತೊಡಗಿದಳು. ಒಂದು ಸುತ್ತು, ಎರಡು, ಮೂರು. ಬಟ್ಟೆಯಲ್ಲಿ ರಕ್ತದ ಕಲೆ ಇತ್ತು. ನಾನು ನೋಡಿದ್ದು ಕಂಡು ಬೇಗ ಮುಚ್ಚಿದಳು.

ಫಾರಂನಲ್ಲಿ ಬರೆದದ್ದನ್ನು ಹೊಡೆದು ಹಾಕಿದೆ. 'ದೋಷ ಕಾಲಲ್ಲಿ' ಎಂದು ಬರೆದು ಸಹಿ ಮಾಡಿದೆ.

ಮಾರ್ಚ್ ೫, ಬುಧವಾರ. ಬೆಳಿಗ್ಗೆ ೯

ಹಠ ಮಾಡಿ ಅವಳ ಬಟ್ಟೆ ಬಿಚ್ಚಿಸಿ ಮೊಂಡನ್ನು ನೋಡಿದೆ. ಮೊಂಡು ಹನ್ನೊಂದು ವರ್ಷದಲ್ಲಿ ಸೊರಗಿದೆ, ಬಟ್ಟಲು ಸಡಿಲ. ಬಟ್ಟೆ ತುರುಕಿ ತುರುಕಿ ನಡೆದಿದ್ದಾಳೆ. ಮಂಡಿ ಕೆಳಗಿನ ಮೂಳೆಯ ತುದಿಯಲ್ಲಿ ಹೆಬ್ಬೆರಳ ಉಗುರಿನಷ್ಟು ಹುಣ್ಣು. ಸದ್ಯ, ಮೂಳೆ ಮುಟ್ಟಿಲ್ಲ.

"ಇನ್ನು ಈ ಕಾಲು ಹಾಕಿ ಬೆಟ್ಟ ಹತ್ತಿದ್ರೆ ಹುಣ್ಣು ಮೂಳೆಗೆ ಇಳಿಯುತ್ತೆ. ಆಮೇಲೆ ಕೊಯ್ಯೋದು ಮಂಡಿಯ ಮೇಲೆ. ತಿಳೀತಾ?"

"ಹುಣ್ಣಿಮೆ ಕಳೆದು ನಾಲ್ಕನೇ ದಿನ ಹತ್ತಲೇಬೇಕು."

ಲೆಕ್ಕ ಹಾಕಿದೆ: ಮಾರ್ಚ್ ಹದಿನೆಂಟು. ಊರಿಗೆ ಊರೇ ಮೇಲಿನ ಕಾಡಿಗೆ ಹೋಗುತ್ತದೆ, ಎರಡು ದಿನದ ಏರು. ಅಲ್ಲಿ ಬಂಡೆಗೋಡೆಯಲ್ಲಿ ಜೇನು. ವರ್ಷಕ್ಕೆಲ್ಲ ಇವರಿಗೆ ಅದೇ ದಿಕ್ಕು. ಗೋಡೆಗೆ ಹಗ್ಗದಲ್ಲಿ ಇಳಿಯುವವನು ಇವಳ ತಮ್ಮ. ಮೇಲೆ ಕೂತು ಹಗ್ಗ ಹಿಡಿಯುವವಳು ಇವಳು. ಹೊಗೆಯಲ್ಲಿ, ಹುಳುಗಳ ಸದ್ದಿನಲ್ಲಿ ಕೂಗು ಕೇಳಿಸುವುದಿಲ್ಲ. ಅವನು ಹಗ್ಗ ಜಗ್ಗುವ ರೀತಿ ನೋಡಿ ಇವಳು ಬಿಡಬೇಕು, ನಿಲ್ಲಿಸಬೇಕು, ಎಳೆಯಬೇಕು. ಹದಿನೈದು ವರ್ಷದಿಂದ ಹೀಗೇ.

"ಬೇರೆಯವರು ಹಿಡಿಯಲಿ ಈ ವರ್ಷ," ಎಂದೆ.

ತಮ್ಮ ಬಾಗಿಲಲ್ಲಿ ನಿಂತಿದ್ದ. ಮಾತು ಕಡಿಮೆ ಅವನದು. "ಹೋದ ವರ್ಷ ಅಕ್ಕನಿಗೆ ಜ್ವರ ಇತ್ತು. ಬೇರೆಯವರು ಹಿಡಿದ್ರು," ಎಂದು ಅಂಗಿ ಎತ್ತಿ ಬೆನ್ನು ತೋರಿಸಿದ. ಭುಜದಿಂದ ಸೊಂಟದವರೆಗೆ ಬಂಡೆ ಉಜ್ಜಿದ ಗಾಯದ ಗುರುತು.

ಅವಳು ಮುಖ ತಿರುಗಿಸಿದಳು. "ನನ್ನ ಕಾಲು ಹೋದ್ರೆ ಹೋಗಲಿ ಅಕ್ಕ. ಇವನು ಒಬ್ಬನೇ ಇರೋದು ನನಗೆ."

ಯೋಚಿಸಲು ಏನೂ ಇರಲಿಲ್ಲ. ಪ್ಲಾಸ್ಟರ್ ಕಲಸಿದೆ. ಮೊಂಡಿನ ಅಚ್ಚು ತೆಗೆದೆ. ಹೇಳಿದೆ: "ಹದಿನೇಳಕ್ಕೆ ಹೊಸ ಕಾಲು ತರ್ತೀನಿ. ಅಲ್ಲಿವರೆಗೆ ಕೋಲು. ಹಳೇ ಕಾಲು ನನ್ನ ಜೊತೆ ಬರುತ್ತೆ."

ಇಲ್ಲೇ ಬಿಟ್ಟರೆ ನಾಳೆಯೇ ಹಾಕಿಕೊಳ್ಳುತ್ತಾಳೆ, ಹೆಣ್ಣಿನ ಕಣ್ಣು ನೋಡಿದರೇ ಗೊತ್ತು. ಆ ಹಿಮ್ಮಡಿಯ ಎತ್ತರವೂ ನನಗೆ ಬೇಕು.

"ನೀವು ಬರದೇ ಹೋದ್ರೆ?"

"ಬರ್ತೀನಿ."

"ಹಂಗಾದ್ರೆ ನಿಮ್ಮ ಬೂಟು ಬಿಟ್ಟು ಹೋಗಿ."

ತಮಾಷೆ ಅಂದುಕೊಂಡೆ. ಕೈ ಚಾಚಿಯೇ ಇದ್ದಳು. ಬಿಚ್ಚಿ ಕೊಟ್ಟೆ.

ಮಾರ್ಚ್ ೫, ಸಂಜೆ. ಜೀಪಿನಲ್ಲಿ

ಎರಡು ಗಂಟೆ ಬರಿಗಾಲಲ್ಲಿ ಇಳಿದೆ. ಒಂದೊಂದು ಕಲ್ಲಿನ ಪರಿಚಯವೂ ಆಯಿತು. ಡ್ರೈವರ್ ತನ್ನ ಚಪ್ಪಲಿ ಕೊಡಲು ಬಂದ, ಬೇಡವೆಂದೆ. ಕಾಲು ಮಾಡುವವಳು ಒಂದು ಸಲ ನೆಲ ಮುಟ್ಟಲಿ. "ನಿಮ್ಮ ಹಠಕ್ಕೆ ನನಗ್ಯಾಕೆ ಪಾಪ ಮೇಡಂ," ಎಂದು ಬಕೆಟ್‌ನಲ್ಲಿ ನೀರು ತಂದಿಟ್ಟ. ಹಳೇ ಬಕೆಟ್. ಜೀಪಿನ ಸೀಟಿನ ಕೆಳಗಿತ್ತು!

ಮಾರ್ಚ್ ೭, ಶುಕ್ರವಾರ

ಅಂಗಾಲಿಗೆ ಬ್ಯಾಂಡೇಜ್ ಸುತ್ತಿಕೊಂಡು ವರ್ಕ್‌ಶಾಪಿನಲ್ಲಿ ಓಡಾಟ. ಪ್ಲಾಸ್ಟರಣ್ಣನಿಗೆ — ಅಚ್ಚು ಹುಯ್ಯುವವನು, ಇಪ್ಪತ್ತು ವರ್ಷದ ಜೊತೆಗಾರ — ನಗು ತಡೆಯಲಾಗುತ್ತಿಲ್ಲ. "ಕಾಲಿನ ಡಾಕ್ಟರಮ್ಮನಿಗೇ ಕಾಲಿಲ್ಲ!"

ಅವಳ ಹಿಮ್ಮಡಿ ಅಳೆದೆ. ಒಂದೂಕಾಲು ಸೆಂಟಿಮೀಟರ್. ನಮ್ಮ ಬೂಟಿನದು ಒಂದೂವರೆ. ಕಾಲು ಸೆಂಟಿಮೀಟರನ್ನು ಕಲ್ಲಿಗೆ ಉಜ್ಜಿ ಇಳಿಸಿದ್ದಾಳೆ! ಏರು ದಾರಿಗೆ ಅಷ್ಟೇ ಸರಿ. ನಾನು ಲೇಸರ್ ಗೆರೆ ಹಾಕಿ ನೋಡಿದರೂ ಅದೇ ಬಂತು. ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ.

ದೊಡ್ಡ ಡಾಕ್ಟರ ಹತ್ತಿರ ಹೋಗಿ ನೇರವಾಗಿ ಹೇಳಿದೆ: ಬೆಟ್ಟದವರಿಗೆ ಇಷ್ಟು ವರ್ಷ ನಾನು ತಪ್ಪು ಕಾಲು ಕೊಟ್ಟಿದ್ದೇನೆ, ಇನ್ನು ಮೇಲೆ ಕೊಡುವುದಿಲ್ಲ. ಅವರು ಕನ್ನಡಕ ತೆಗೆದು ಒರೆಸಿದರು. "ಯಾರೂ ದೂರು ಕೊಟ್ಟಿಲ್ವಲ್ಲ?" ಎಂದರು.

"ಅದೇ ತೊಂದರೆ ಸಾರ್. ಅವರು ಒಳ್ಳೆಯವರು."

ಮಾರ್ಚ್ ೧೨, ಬುಧವಾರ

ಮೊದಲನೆಯ ಬಟ್ಟಲು ಹಾಳು. ಅವಸರಕ್ಕೆ ಅಚ್ಚಿನಲ್ಲಿ ಮೂಳೆಯ ತುದಿಯ ಕಡೆಗೂ ಅರ ಹಾಕಿಬಿಟ್ಟೆ. ಅಲ್ಲಿ ಉಬ್ಬಿಸಬೇಕು, ಹುಣ್ಣಿಗೆ ಗಾಳಿಯಷ್ಟು ಜಾಗ ಬಿಡಬೇಕು. ಹೊಸಬರು ಮಾಡುವ ಎಡವಟ್ಟು. ಅಚ್ಚಿನ ಮೇಲೆ ಬಿಸಿ ಪ್ಲಾಸ್ಟಿಕ್ ಹಾಳೆ ಎಳೆದು ಕೂರಿಸಿದ ಮೇಲೆ ಕಂಡಿತು. ಪ್ಲಾಸ್ಟರಣ್ಣ ಗರಗಸ ತಂದು ಮುಂದಿಟ್ಟ.

ಕತ್ತರಿಸಿ ಬಿಸಾಕಿದೆ. ಮತ್ತೆ ಮೊದಲಿಂದ. ಐದು ದಿನ ಇದೆ. ಆಗುತ್ತದೆ.

ಮಾರ್ಚ್ ೧೫, ಶನಿವಾರ

ಆಯಿತು. ಇಂಥ ಬಟ್ಟಲು ನಾನು ಮಾಡಿ ವರ್ಷಗಳಾಗಿತ್ತು. ಹಿಮ್ಮಡಿಯನ್ನು ಪಾದದ ಜೊತೆಗೇ ಎರಕ ಹೊಯ್ದಿದ್ದೇನೆ, ಮೊಳೆ ಇಲ್ಲ. ಆ ಮೂವರಿಗೂ ಮೂರು ಪಾದ.

ಕಚೇರಿಯ ಜೀಪು ಜೂನ್‌ವರೆಗೆ ಆ ಕಡೆ ಹೋಗುವುದಿಲ್ಲವಂತೆ. ರಜೆ ಚೀಟಿ ಬರೆದುಕೊಟ್ಟೆ. ಡ್ರೈವರನೂ ಬರೆದ. ಅವನ ಭಾವನ ವ್ಯಾನು ಇದೆಯಂತೆ. "ನಿಮಗೋಸ್ಕರ ಅಲ್ಲ ಮೇಡಂ, ಆ ಯಮ್ಮ ನಿಮ್ಮನ್ನ ಹೆಂಗೆ ಬೈತಾಳೆ ಅಂತ ನೋಡೋಕೆ."

ಮಾರ್ಚ್ ೧೭, ಸೋಮವಾರ. ಸಂಜೆ ೫

ಮಧ್ಯಾಹ್ನ ಮುಟ್ಟಿದೆವು. ಅಂಗಳದಲ್ಲಿ ಕೂತು ಹಗ್ಗವನ್ನು ಮೊಳ ಮೊಳ ಬೆರಳಲ್ಲಿ ಒತ್ತಿ ನೋಡುತ್ತಿದ್ದಳು. ನನ್ನನ್ನು ಕಂಡು ಎದ್ದು ನಿಲ್ಲಲು ಹೋಗಿ, ಕೋಲು ಜಾರಿ, ಮತ್ತೆ ಕೂತಳು. ಕಣ್ಣಲ್ಲಿ ನೀರು ಬಂದಿತ್ತು. "ಬಿಸಿಲು," ಎಂದಳು.

"ನನ್ನ ಬೂಟು?"

ತಂದುಕೊಟ್ಟಳು. ಎರಡರಲ್ಲೂ ಹಿಮ್ಮಡಿ ಇಲ್ಲ!

"ಮೇಕೆಯವನಿಗೊಂದು, ಬುಟ್ಟಿಯವನಿಗೊಂದು ಹೊಡೆದೆ. ಸರ್ಕಾರಿ ಬೂಟು ಮುಟ್ಟೋಕೆ ಬಿಡಲಿಲ್ಲ ಅವರು. ಇದು ನಿಮ್ಮ ಸ್ವಂತದ್ದಲ್ವಾ, ಅದಕ್ಕೆ ಒಪ್ಪಿದ್ರು. ಕೇಸಾದ್ರೆ ನೀವೇ ನೋಡ್ಕೊಳ್ಳಿ."

ಮೇಕೆಯವನು ಮೇಲಿನ ಮನೆಯಿಂದ ಇಳಿದು ಬರುತ್ತಿದ್ದ. ಕೋಲಿಲ್ಲ. ನನ್ನನ್ನು ಕಂಡು ಕಳ್ಳನಂತೆ ನಿಂತ. "ನಡಿಯಪ್ಪ, ನಡಿ!" ಎಂದೆ. ಇನ್ನೇನು ಹೇಳಲಿ. ಡ್ರೈವರ್ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ, ಅವನಿಗೆ ಬಂದ ಖರ್ಚು ಹುಟ್ಟಿತು.

ಹುಣ್ಣು ಮುಚ್ಚಿದೆ. ಮೇಲೆ ತೆಳ್ಳನೆಯ ಗುಲಾಬಿ ಚರ್ಮ. ಹನ್ನೆರಡು ದಿನ ಮಾತು ಉಳಿಸಿಕೊಂಡಿದ್ದಾಳೆ. ಕಾಲು ತೊಡಿಸಿದೆ. ಅಂಗಳ ಏರಿದಳು, ಇಳಿದಳು, ಮತ್ತೆ ಏರಿದಳು. ನಾನು ಕೆಳಗೆ ಕೂತು ಮಂಡಿಯನ್ನೇ ನೋಡುತ್ತಿದ್ದೆ. ಹಿಂದಕ್ಕೆ ಹೋಗಲಿಲ್ಲ, ಒಂದು ಸಲವೂ ಹೋಗಲಿಲ್ಲ.

"ಹೆಂಗಿದೆ?"

"ಚೆನ್ನಾಗಿದೆ ಅಕ್ಕ."

"ಹಂಗೆ ಹೇಳಬೇಡ. ನಿಜ ಹೇಳು."

ಯೋಚಿಸಿದಳು. "ಒಳಗಡೆ ಬದಿಗೆ, ಮಂಡಿ ಹತ್ತಿರ, ಸ್ವಲ್ಪ ಕಚ್ಚುತ್ತೆ."

ಅರ ತೆಗೆದು ಮೂರು ಸಲ ಎಳೆದೆ. ಮತ್ತೆ ಹಾಕಿ ನಡೆದಳು. ನಡೆಯುತ್ತಲೇ ಇದ್ದಳು.

ಹೊಸ ಚರ್ಮ, ಎರಡು ದಿನದ ಏರು. ವರ್ಕ್‌ಶಾಪಿನಲ್ಲಾದರೆ ಜಪ್ಪಯ್ಯ ಎಂದರೂ ಬಿಡುತ್ತಿರಲಿಲ್ಲ. ಇಲ್ಲಿ ಬೇಡವೆಂದರೂ ಅವಳು ಹೋಗುತ್ತಾಳೆ. ಹಾಗಾಗಿ ನಾನೂ ಹೋಗುತ್ತೇನೆ. ಗಂಟೆಗೊಮ್ಮೆ ಕಾಲು ಬಿಚ್ಚಿಸಿ ನೋಡುವುದು, ಚರ್ಮ ಕೆಂಪಾದರೆ ಅಲ್ಲೇ ಕೂರುವುದು — ಷರತ್ತು ಹಾಕಿದೆ. ಒಪ್ಪಿದಳು. ಆ ಮೂವರ ಪಾದ ಬದಲಿಸುವುದು ಇಳಿದು ಬಂದ ಮೇಲೆ. ಡ್ರೈವರ್ ಇಲ್ಲೇ ಇರುತ್ತಾನಂತೆ, ಬುಟ್ಟಿಯವನ ಹತ್ತಿರ ಕೆಲಸ ಕಲಿಯುತ್ತಾನಂತೆ. ಸೋಮಾರಿ.

ಮಾರ್ಚ್ ೧೮, ಮಂಗಳವಾರ. ಸಂಜೆ

ಎಂಟು ಸಲ ಬಿಚ್ಚಿಸಿದೆ. ಆರನೆಯ ಸಲ ಸ್ವಲ್ಪ ಕೆಂಪು ಕಂಡಿತು. ಕಾದೆವು. ಊರಿನವರೂ ಕಾದರು, ಒಬ್ಬರೂ ಗೊಣಗಲಿಲ್ಲ. ಅರ್ಧ ಗಂಟೆಗೆ ಕೆಂಪು ಇಳಿಯಿತು. ನನ್ನ ಅಂಗಾಲಿನ ಕಥೆ ಬರೆಯುವುದಿಲ್ಲ.

ಮಾರ್ಚ್ ೧೯, ಬುಧವಾರ. ಬೆಳಿಗ್ಗೆ ೧೦

ಬಂಡೆಯ ನೆತ್ತಿಯಲ್ಲಿ ಕೂತು ಬರೆಯುತ್ತಿದ್ದೇನೆ. ಕೆಳಗೆ ನೋಡಿದರೆ ತಲೆ ತಿರುಗುತ್ತದೆ, ನೋಡುತ್ತಿಲ್ಲ.

ಹಗ್ಗ ಮರಕ್ಕೆ ಒಂದು ಸುತ್ತು ಬಂದು ಅವಳ ಕೈಗೆ ಬಂದಿದೆ. ಎದುರಿನ ಬಂಡೆಗೆ ಎರಡೂ ಪಾದ ಕೊಟ್ಟು ಕೂತಿದ್ದಾಳೆ. ಚರ್ಮ ನೋಡಿದೆ, ಚೆನ್ನಾಗಿದೆ. ತಮ್ಮ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಅಕ್ಕನ ಮುಖ ನೋಡಿದ, ಆಮೇಲೆ ಅವಳ ಕಾಲು ನೋಡಿದ, ಆಮೇಲೆ ನನ್ನನ್ನು. ನಾನು ತಲೆ ಆಡಿಸಿದೆ. ಇಳಿದ.

ಹಗ್ಗ ಬಿಗಿಯಾಯಿತು. ಅವಳ ಬೆನ್ನು ಹಿಂದಕ್ಕೆ ಹೋಯಿತು. ಬಟ್ಟಲು ಒಂದು ಸಲ ಕಿರ್ ಎಂದಿತು. ಹಿಮ್ಮಡಿ ಬಂಡೆಗೆ ಕಚ್ಚಿಕೊಂಡಿದೆ, ಕೂದಲೆಳೆಯಷ್ಟೂ ಜಾರಿಲ್ಲ. ಮೂವತ್ತೊಂದು ವರ್ಷ ನಾನು ಮಾಡಿದ ಕಾಲುಗಳು ಒಬ್ಬೊಬ್ಬರ ಭಾರ ಹೊತ್ತಿವೆ. ಇದು ಇಬ್ಬರದನ್ನು ಹೊತ್ತಿದೆ.

ಹೊಗೆ ಏಳುತ್ತಿದೆ. ಹುಳುಗಳ ಸದ್ದು. ಹಗ್ಗ ಎರಡು ಸಲ ಜಗ್ಗಿತು, ಸ್ವಲ್ಪ ಬಿಟ್ಟಳು. ಒಂದು ಸಲ ಜಗ್ಗಿತು, ನಿಲ್ಲಿಸಿದಳು. ಕಣ್ಣು ಮುಚ್ಚಿಕೊಂಡೇ ಇದ್ದಾಳೆ. ಕಾಲಿನ ಕಡೆ ಅವಳಿಗೆ ಗಮನವೇ ಇಲ್ಲ. ಮರೆತಿದ್ದಾಳೆ. ಇದಕ್ಕಿಂತ ದೊಡ್ಡದು ನನಗೆ ಯಾರೂ ಕೊಡಲಾರರು. ಈಗ ಹಗ್ಗ ಬೇಗ ಬೇಗ ಜಗ್ಗುತ್ತಿದೆ — ಎಳೆಯಬೇಕು, ತುಂಬಿದ ಬುಟ್ಟಿಯೂ ಅವನೂ ಒಟ್ಟಿಗೆ. ಕಣ್ಣು ಬಿಟ್ಟು "ಅಕ್ಕ, ಆಮೇಲೆ ಬರೀರಿ, ಹಿಂದೆ ಬಂದು ಹಿಡೀರಿ" ಅಂತಿದ್ದಾಳೆ, ನಾನು